ಕೇಳಿಸಿದರೆ ಒಂದು ಒತ್ತಿ

ಚೊಕ್ಕಸಂದ್ರ, ಪೀಣ್ಯದ ಪಕ್ಕ
ಬುಧವಾರ, 26 ನವೆಂಬರ್ 2025

ಮಹಾನಂದಾ ಅವರಿಗೆ,

ಸ್ಟೋರ್ಸ್ ವಿಭಾಗ, ಎರಡನೇ ಘಟಕ, ಬೊಮ್ಮಸಂದ್ರ ಎಂದು ಲಕೋಟೆಯ ಮೇಲೆ ಬರೆದಾಗಿದೆ. ಒಳಗೆ ಹೆಸರೊಂದೇ ಸಾಕು ಅನ್ನಿಸಿತು. ಎಡ ಮೊಣಕಾಲೊಂದನ್ನು ಬಿಟ್ಟರೆ ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಮೊನ್ನೆ ಶಶಿಕುಮಾರ್ ಹೇಳಿದ. ವ್ಯಾನು ಓಡಿಸುವವನಿಗೆ ಎರಡೂ ಘಟಕಗಳ ಕ್ಷೇಮಸಮಾಚಾರ ಗೊತ್ತಿರುತ್ತದೆ, ಕೇಳದಿದ್ದರೂ ಹೇಳುತ್ತಾನೆ.

ಬರೆಯಲು ಕೂತಾಗ ಕೈ ತನ್ನಷ್ಟಕ್ಕೆ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿಬಿಟ್ಟಿತ್ತು. ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ನನಗೆ ಪೂರ್ತಿ ನೆನಪಿರುವುದು ರಜೆ ಅರ್ಜಿ ಒಂದೇ. ಆ ಹಾಳೆ ಹರಿದು ಹಾಕಿದೆ. ಇದು ರಜೆ ಅರ್ಜಿಯಲ್ಲ. ನಿಮ್ಮಲ್ಲಿ ಒಂದು ಕ್ಷಮೆ ಕೇಳುವುದಿದೆ, ಒಂದು ಪ್ರಶ್ನೆ ಕೇಳುವುದಿದೆ. ಶನಿವಾರ ನಿಮ್ಮ ಕೊನೆಯ ಡ್ಯೂಟಿ. ಭಾನುವಾರ ನಿಮ್ಮ ತಮ್ಮ ಬಸಲಿಂಗ ಟೆಂಪೋ ತಂದು ಸಾಮಾನು ತುಂಬಿಸಿಕೊಂಡು ನಿಮ್ಮ ಊರು ಇಂಡಿಗೆ ಹೊರಟರೆ, ಆಮೇಲೆ ನಾನು ಯಾವ ಎಕ್ಸ್‌ಟೆನ್ಶನ್ ಒತ್ತಿದರೂ ನೀವು ಸಿಗುವುದಿಲ್ಲ. ಅದಕ್ಕೇ ಈ ಅವಸರ.

ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಹೇಳದೆ ನನಗೆ ಏನೂ ಹೇಳಲು ಬರುವುದಿಲ್ಲ. ನನ್ನ ಹೆಂಡತಿ ವನಜಾಳೂ ಇದಕ್ಕೇ ಬೈಯುತ್ತಿದ್ದಳು. ಸೊಪ್ಪು ಸಿಗಲಿಲ್ಲ ಅನ್ನೋಕೆ ಮನೆಯಿಂದ ಹೊರಟಿದ್ದು ಯಾವಾಗ ಅಂತ ಯಾಕ್ರೀ ಶುರು ಮಾಡ್ತೀರ, ಎನ್ನುತ್ತಿದ್ದಳು.

ದೀಪಾವಳಿ ಕಳೆದ ಮರುವಾರ ಹರ್ಷವರ್ಧನ್ ಸಾರ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಮೇಜಿನ ಮೇಲೆ ಹದಿನಾರು ಹೊಸ ಫೋನು ಸಾಲಾಗಿ ಇಟ್ಟರು. ಪೀಣ್ಯಕ್ಕೂ ಬೊಮ್ಮಸಂದ್ರಕ್ಕೂ ಇದ್ದ ಹಳೆಯ ಲೈನು ರಸ್ತೆ ಅಗೆದಾಗಲೆಲ್ಲ ಕಡಿದುಹೋಗುತ್ತಿತ್ತಲ್ಲ, ಇನ್ನು ಅದರ ಸಹವಾಸವೇ ಬೇಡ, ಎಲ್ಲ ಇಂಟರ್‌ನೆಟ್ಟಿನ ಮೇಲೆ ಎಂದರು. “ತುಂಬಾ ಸಿಂಪಲ್ಲು ಶ್ಯಾಮಣ್ಣ. ಪ್ಲಗ್ ಹಾಕಿ, ಸೆಟ್ಟಿಂಗ್ ಮಾಡಿ, ಮುಗೀತು. ಡೌಟ್ ಬಂದ್ರೆ ಯೂಟ್ಯೂಬ್ ನೋಡ್ಕೊಳ್ಳಿ.” ಮುಗೀತು ಎಂದ ಕೆಲಸ ಹದಿನೆಂಟು ದಿನ ಹಿಡಿಯಿತು. ಮೂವತ್ತಾರು ವರ್ಷ ತಂತಿ ಹಿಡಿದು, ರಿಟೈರ್ ಆದಮೇಲೂ ಕಾಂಟ್ರ್ಯಾಕ್ಟಿನ ಮೇಲೆ ಉಳಿದವನು ನಾನು. ತಂತಿ ಎಲ್ಲಿ ಕಡಿದಿದೆ ಎಂದರೆ ಬೆರಳಿಟ್ಟು ತೋರಿಸುತ್ತೇನೆ. ತಂತಿಯೇ ಇಲ್ಲದ ಕಡೆ ಬೆರಳು ಎಲ್ಲಿ ಇಡಲಿ?

ಹಳೆಯ ಲೈನು ಕಿತ್ತುಹಾಕುವ ಹಿಂದಿನ ದಿನ ನಾವು ಅದರಲ್ಲೇ ಮಾತಾಡಿದ್ದು ನಿಮಗೆ ನೆನಪಿರಬಹುದು. ಹೊಸ ಫೋನು ಬೆಲ್ಲು ಹೊಡೆಯುತ್ತದೆ, ನೀವು ಎತ್ತುತ್ತೀರಿ, ಆದರೆ ನಿಮ್ಮ ದನಿ ನನಗೆ ಬರುವುದಿಲ್ಲ ಯಾಕೆ ಎಂದು ನೀವು ಕೇಳಿದಿರಿ. ಕೈಪಿಡಿಯ ಆರು ಪುಟ ಓದಿ ನನಗೆ ಅರ್ಥವಾಗಿದ್ದಷ್ಟನ್ನು ವಠಾರಕ್ಕೆ ಹೋಲಿಸಿ ಹೇಳಿದೆ. ಒಂದು ವಠಾರ, ಒಳಗೆ ಹನ್ನೆರಡು ರೂಮು, ಹೊರಗಿನ ಜಗತ್ತಿಗೆ ಇರುವುದು ಬಾಗಿಲಿನ ಒಂದೇ ನಂಬರು. ರೂಟರ್ ಅನ್ನುವುದು ಆ ಬಾಗಿಲಲ್ಲಿ ಕೂತ ಮನೆ ಮಾಲೀಕ. ಒಳಗಿನವನು ಪತ್ರ ಬರೆದು ‘ಉತ್ತರವನ್ನು ಮೂರನೇ ರೂಮಿಗೆ ಕಳಿಸಿ’ ಎಂದಷ್ಟೇ ಹಾಕಿದರೆ, ಯಾವ ಊರಿನ ಯಾವ ವಠಾರದ ಮೂರನೇ ರೂಮು? ಪತ್ರ ತಲುಪುತ್ತದೆ, ಉತ್ತರ ಮಾತ್ರ ದಾರಿಯಲ್ಲೇ ಅಲೆಯುತ್ತದೆ. ನಾನು ಅಷ್ಟು ಹೇಳುವುದರೊಳಗೆ ನೀವು ನಕ್ಕುಬಿಟ್ಟಿರಿ. “ಹಿಂಗ ಹೇಳ್ರಿ ಮತ್ತ, ಫೋನಿನ ಸಾಹೇಬ್ರ! ನಮ್ಮ ರೂಮಿನ ಸಾಲಿನ್ಯಾಗೂ ಇದ ಕತಿ ಐತ್ರಿ. ನನ್ನ ಗ್ಯಾಸ್ ಸಿಲಿಂಡರ ತಿಂಗಳಾ ಈಶಪ್ಪನ ಬಾಗಲಿಗೇ ಹೋಗಿ ಕುಂದರ್ತೈತಿ. ಅಂವಾ ಅದರ ಮ್ಯಾಲ ಕುಂತು ಬೀಡಿ ಸೇದ್ತಾನ, ನನಗ ಜೀವ ಹಾರ್ತೈತಿ.”

ನಾನು ಆರು ಪುಟ ಓದಿ ತಿಳಿದದ್ದು ನಿಮಗೆ ಒಂದು ಸಿಲಿಂಡರಿನಲ್ಲಿ ತಿಳಿಯಿತು. ಆವತ್ತೇ ನೀವು ಇನ್ನೊಂದು ಮಾತನ್ನೂ ಹೇಳಿದಿರಿ. ನಿವೃತ್ತಿ ಆದಮೇಲೆ ಏನು ಎಂದು ನಾನು ಕೇಳಿದ್ದಕ್ಕೆ. “ಹೋಗೂದಾತ್ರಿ. ತಮ್ಮ ಕರ್ಯಾಕ ಬರ್ತೀನಿ ಅಂದಾನ. ಇಪ್ಪತ್ತೆರಡು ವರ್ಷ ಆತು ಊರು ಬಿಟ್ಟು, ಅಲ್ಲಿ ನನ್ನ ಗುರುತು ಹಿಡಿಯೋರರ ಯಾರ ಅದಾರ?” ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಲೈನಿನಲ್ಲಿ ನಿಮ್ಮ ಸ್ಟೋರ್ಸಿನ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು. ಮರುದಿನ ಹಳೆಯ ಲೈನು ಕಿತ್ತೆವು. ಆ ಫ್ಯಾನಿನ ಸದ್ದೂ ಹೋಯಿತು.

ಆಮೇಲೆ ಬರೀ ಮೌನ. ಸ್ಟೋರ್ಸಿನೊಳಗೆ ಮೊಬೈಲು ಬಿಡುವುದಿಲ್ಲ, ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ಹೊಸ ಫೋನಿನಲ್ಲಿ ನಾನು ಮಾತಾಡುತ್ತಿದ್ದೆ, ಆ ಕಡೆಯಿಂದ ಏನೂ ಇಲ್ಲ. ನೀವು ಇದ್ದೀರೋ, ಎದ್ದು ಹೋದಿರೋ, ನನ್ನ ದನಿಯಾದರೂ ಬರುತ್ತಿದೆಯೋ ತಿಳಿಯದೆ, ಮೂರನೆಯ ದಿನ ಸಿಟ್ಟಿನಲ್ಲೇ ಹೇಳಿದೆ: “ಮೇಡಂ, ಕೇಳಿಸಿದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ.” ಹೇಳಿದ ಮೇಲೆ ನನಗೇ ನಗು ಬಂತು, ಕೇಳಿಸದವರು ಎರಡು ಒತ್ತುವುದು ಹೇಗೆ? ಅಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ, ಫೋನುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ ತನ್ನ ದಿನಚರಿ ಬರೆದುಕೊಳ್ಳುವ ಪುಟದಲ್ಲಿ, ನಿಮ್ಮ ಎಕ್ಸ್‌ಟೆನ್ಶನ್ ಮೂವತ್ತೊಂದರಿಂದ ಒಂದು ‘1’ ಬಂದು ಕೂತಿತು. ದನಿಗೆ ಬೇರೆ ದಾರಿ, ಒತ್ತಿದ ಅಂಕಿಗೆ ಬೇರೆ ದಾರಿಯಂತೆ. ದನಿ ದಾರಿ ತಪ್ಪಿದರೂ ಅಂಕಿ ಮನೆ ಸೇರುತ್ತದೆ. ಇದು ಕೈಪಿಡಿಯಲ್ಲಿ ಇರಲಿಲ್ಲ. ಇದ್ದಿರಬಹುದು, ನನ್ನ ಇಂಗ್ಲಿಷಿಗೆ ಸಿಕ್ಕಿರಲಿಲ್ಲ.

ಆ ‘1’ ನೋಡಿ ನನಗೇನಾಯಿತೆಂದು ಈಗ ಬರೆಯುತ್ತೇನೆ, ಆವತ್ತು ಯಾರಿಗೂ ಹೇಳಲಿಲ್ಲ. ಎದ್ದು ನಿಂತುಬಿಟ್ಟೆ. ಮೊಣಕಾಲು ನೋವೂ ನೆನಪಾಗಲಿಲ್ಲ.

ಅಲ್ಲಿಂದ ನಮ್ಮ ಕ್ರಮ ಅದೇ ಆಯಿತು. ನಾನು ಕೇಳುವುದು, ನೀವು ಒತ್ತುವುದು. ಗ್ರೈಂಡಿಂಗ್ ಸದ್ದಿನಲ್ಲಿ ಬೆಲ್ಲು ಕೇಳಿಸುತ್ತದಾ? ಒಂದು. ದನಿ ಒಡೆಯುತ್ತದಾ? ಎರಡು. ಊಟ ಆಯ್ತಾ? ಒಂದು. ಈ ಕೊನೆಯ ಪ್ರಶ್ನೆ ಟೆಸ್ಟಿಂಗಿಗೆ ಬೇಕಾಗಿರಲಿಲ್ಲ.

ಅದು ನನ್ನ ಹಳೆಯ ಚಾಳಿ. ಇಪ್ಪತ್ತೇಳು ವರ್ಷ ನಾನು ದಿನಾ ಮಧ್ಯಾಹ್ನ ಒಂದು ಗಂಟೆಗೆ ಫ್ಯಾಕ್ಟರಿಯಿಂದ ಮನೆಗೆ ಫೋನು ಮಾಡಿದ್ದೇನೆ. “ಊಟ ಆಯ್ತಾ?” “ಆಯ್ತು, ನಿಮ್ದು?” “ಆಯ್ತು.” ಮುಗೀತು, ಇಡುವುದು. ನಮಗೆ ಮಕ್ಕಳಾಗಲಿಲ್ಲ, ಹೇಳಿಕೊಳ್ಳುವಂಥ ಸುದ್ದಿ ದಿನಾ ಏನಿರುತ್ತದೆ? ವನಜಾ ಹೋಗಿ ಆರು ವರ್ಷವಾಯಿತು. ವೈಕುಂಠ ಸಮಾರಾಧನೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಒಂದು ಗಂಟೆಗೆ ಕೈ ಹೋಗಿ ಮನೆ ನಂಬರು ಒತ್ತಿತು. ಬೀಗ ಹಾಕಿದ ಮನೆಯಲ್ಲಿ ಫೋನು ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಅವಳು ಕೂರುತ್ತಿದ್ದ ಮಣೆಯ ಪಕ್ಕದಲ್ಲೇ ಆ ಫೋನು. ಬೆಲ್ಲು ತಾನಾಗಿ ನಿಲ್ಲುವವರೆಗೂ ಹಿಡಿದುಕೊಂಡೆ. ಮರುದಿನವೂ ಮಾಡಿದೆ. ಆ ಲ್ಯಾಂಡ್‌ಲೈನು ಕಡಿತವಾಗುವ ತನಕ, ಅಂದರೆ ಒಂದು ವರ್ಷ ಎರಡು ತಿಂಗಳು, ರಜೆ ಬಿಟ್ಟು ದಿನಾ ಮಾಡಿದ್ದೇನೆ. ಫೋನಿನ ಕೆಲಸದವನಿಗೆ ಇದು ನಾಚಿಕೆಗೇಡು.

ಈಗ ಕ್ಷಮೆಯ ವಿಷಯಕ್ಕೆ ಬರುತ್ತೇನೆ.

ದನಿ ಒಂದೇ ಕಡೆಗೆ ಹೋಗುವುದು ಒಂದು ತೊಂದರೆಯಾದರೆ, ಇನ್ನೊಂದು ಇತ್ತಲ್ಲ, ಕಾಲ್ ತಾನಾಗಿ ಕಟ್ಟಾಗುವುದು. ಮಾತಾಡುತ್ತಿದ್ದರೆ ಇರುತ್ತಿತ್ತು. ಅರ್ಧ ನಿಮಿಷ ಇಬ್ಬರೂ ಸುಮ್ಮನಾದರೆ ಹೋಯಿತು. ಕೈಪಿಡಿ ಓದಿದಾಗ ಕಾರಣ ತಿಳಿಯಿತು. ನಿಮ್ಮ ಕಡೆಯ ರೂಟರ್, ಆ ಬಾಗಿಲ ಮಾಲೀಕ, ಮಾತು ಓಡಾಡುತ್ತಿರುವಷ್ಟು ಹೊತ್ತು ದಾರಿ ತೆರೆದಿಟ್ಟಿರುತ್ತಾನೆ. ಯಾರೂ ಓಡಾಡಲಿಲ್ಲವೋ, ಇವರದು ಮುಗಿಯಿತು ಎಂದುಕೊಂಡು ಚಿಲಕ ಹಾಕುತ್ತಾನೆ. ಅದಕ್ಕೆ ‘ಕೀಪ್ ಅಲೈವ್’ ಎನ್ನುವ ಒಂದು ಸೆಟ್ಟಿಂಗ್ ಇದೆ. ಆಗಾಗ ಬಾಗಿಲು ತಟ್ಟುತ್ತಾ, ನಾವು ಇನ್ನೂ ಇದ್ದೇವೆ ಎಂದು ತಿಳಿಸುತ್ತಿರುವುದು. ಅದನ್ನು ಹಾಕುವ ಮೊದಲು, ಬಿಡದೆ ಮಾತಾಡಿದರೆ ಲೈನು ಅರ್ಧ ಗಂಟೆ ನಿಲ್ಲುತ್ತದೋ ಇಲ್ಲವೋ ನೋಡಬೇಕಿತ್ತು. ಅರ್ಧ ಗಂಟೆ ಯಾರಾದರೂ ಮಾತಾಡುತ್ತಲೇ ಇರಬೇಕು. ಡ್ಯೂಟಿ ಹೊತ್ತಿನಲ್ಲಿ ಆಗುವುದಿಲ್ಲ. ಊಟದ ಹೊತ್ತಿನಲ್ಲಿ ನೀವು ರಿಸೀವರ್ ಎತ್ತಿ ಮೇಜಿನ ಮೇಲಿಟ್ಟು ಕ್ಯಾಂಟೀನಿಗೆ ಹೋಗಿ, ನಾನು ಇಲ್ಲಿಂದ ಮಾತಾಡುತ್ತಿರುತ್ತೇನೆ ಎಂದೆ. ನೀವು ಒಂದು ಒತ್ತಿದಿರಿ. ನವೆಂಬರ್ ಹತ್ತು, ಸೋಮವಾರ.

ಒಂದು ಗಂಟೆಗೆ ಎಲೆಕ್ಟ್ರಿಕಲ್ ರೂಮಿನ ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಒಬ್ಬನೇ ಅರ್ಧ ಗಂಟೆ ಮಾತಾಡಿ ನೋಡಿ, ಗೊತ್ತಾಗುತ್ತದೆ. ಮೊದಲು ಒಂದರಿಂದ ನೂರು ಎಣಿಸಿದೆ. ಆಮೇಲೆ ನಿಮ್ಮ ಸ್ಟೋರ್ಸಿಗೆ ಕಳಿಸಿದ್ದ ಬೋಲ್ಟು, ಗ್ಯಾಸ್ಕೆಟ್ಟುಗಳ ಪಟ್ಟಿ ಓದಿದೆ. ರಜೆ ಅರ್ಜಿ ಹೇಳಿದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಪೋಸ್ಟ್‌ಮ್ಯಾನ್ ಪ್ರಬಂಧ ಹೇಳಿದೆ: ದಿ ಪೋಸ್ಟ್‌ಮ್ಯಾನ್ ಈಸ್ ಎ ಯೂಸ್‌ಫುಲ್ ಪರ್ಸನ್, ಹಿ ಕಮ್ಸ್ ಇನ್ ಸನ್ ಅಂಡ್ ರೇನ್, ಎವೆರಿ ಒನ್ ಈಸ್ ವೇಟಿಂಗ್ ಫಾರ್ ಹಿಮ್. ಮುಂದಿನದು ಮರೆತಿತ್ತು. ಗಡಿಯಾರ ನೋಡಿದರೆ ಒಂದೂ ಹನ್ನೆರಡು. ಇನ್ನೂ ಹದಿನೆಂಟು ನಿಮಿಷ. ಸುಮ್ಮನಾದರೆ ಚಿಲಕ ಬೀಳುತ್ತದೆ. ಬಾಯಿಗೆ ಬಂದದ್ದು ಹೇಳತೊಡಗಿದೆ.

ವನಜಾಳ ವಿಷಯ ಹೇಳಿದೆ. ಮೇಲೆ ಬರೆದೆನಲ್ಲ, ಬೀಗ ಹಾಕಿದ ಮನೆಗೆ ಫೋನು ಮಾಡಿದ್ದು, ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆವತ್ತೇ. ಮನೆಯಲ್ಲಿ ಅಡಿಗೆ ಮಾಡುವಾಗ ಒಬ್ಬನೇ ಮಾತಾಡುವ ಅಭ್ಯಾಸ ಹತ್ತಿರುವುದನ್ನೂ ಹೇಳಿದೆ. ಹಿಂದಿನ ರೂಮಿಗೆ ಬಾಡಿಗೆಗಿರುವ ಹೊಳೆವ್ವ ಒಂದು ದಿನ ಕಿಟಕಿಯಲ್ಲಿ ಇಣುಕಿ, “ಯಜಮಾನ್ರ, ಒಳಗ ಯಾರರ ಬಂದಾರೇನ್ರಿ?” ಎಂದಳು. ಇಲ್ಲಮ್ಮ, ಫೋನ್ ಟೆಸ್ಟಿಂಗು ಎಂದೆ. “ಕೈಯಾಗ ಫೋನ್ ಎಲ್ಲೈತ್ರಿ, ಸೌಟ ಐತಿ!” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು.

ಅದಾದ ಮೇಲೆ ನಿಮ್ಮ ವಿಷಯ ಬಂತು. ಎಲ್ಲ ಇಲ್ಲಿ ಮತ್ತೆ ಬರೆಯಲಾರೆ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮನ್ನು ಎದುರಿಗೆ ನೋಡಿದ್ದು ಮೂರೇ ಸಲ, ಮೂರೂ ಆಯುಧಪೂಜೆಯ ದಿನ, ಆದರೆ ನೀವು ‘ಹಲೋ’ ಎನ್ನುವ ಮುಂಚೆ ಉಸಿರು ತೆಗೆದುಕೊಳ್ಳುವ ಸದ್ದು ಕೇಳಿಯೇ ಮೂವತ್ತೊಂದನೇ ಎಕ್ಸ್‌ಟೆನ್ಶನ್ ಎಂದು ಹೇಳಬಲ್ಲೆ ಎಂದೆ. ನಿಮ್ಮ ಯಜಮಾನರು ತೀರಿಕೊಂಡ ಸುದ್ದಿಯನ್ನು ನೀವು ಯಾವತ್ತೂ ಎತ್ತದಿದ್ದರೂ ಪ್ರತಿ ವರ್ಷ ಜೂನಿನ ಒಂದು ದಿನ ನಿಮ್ಮ ದನಿ ತಗ್ಗಿರುತ್ತದೆ, ಅದು ನನಗೆ ಗೊತ್ತಾಗುತ್ತದೆ ಎಂದೆ. ಕೊನೆಗೆ ಎರಡು ಪ್ರಶ್ನೆ ಕೇಳಿದೆ. ಖಾಲಿ ರೂಮಿಗೆ ಯಾರಾದರೂ ಪ್ರಶ್ನೆ ಕೇಳುತ್ತಾರೆಯೇ? ಗೋಡೆಯನ್ನು ಕೇಳಿದ ಹಾಗೆ ಕೇಳಿದೆ ಎಂದುಕೊಳ್ಳಿ. ಒಂದು, ಈ ಮುದುಕನ ಗೊಣಗಾಟ ಕೇಳಿ ಬೇಸರ ಬಂದಿದೆಯಾ? ಎರಡು, ಊರಿಗೆ ಹೋಗದೆ ಇಲ್ಲೇ ಉಳಿದು, ನನ್ನ ಮನೆಗೆ ಬರುತ್ತೀರಾ?

ಒಂದೂವರೆಯ ತನಕ ಲೈನು ಕಡಿಯಲಿಲ್ಲ. ಟೆಸ್ಟ್ ಪಾಸು. ಫೋನು ಇಟ್ಟು ಬಂದು, ಕೈ ತೊಳೆದು ಊಟ ಮಾಡಿದೆ.

ಅದೇ ವಾರ ಶುಕ್ರವಾರ ತೊಂದರೆಯ ಬೇರು ಸಿಕ್ಕಿತು. ಇಷ್ಟು ದಿನ ನಿಮ್ಮ ಕಡೆಯ ರೂಟರನ್ನೇ ಬೈಯುತ್ತಿದ್ದೆ, ತಪ್ಪು ನಮ್ಮದೇ ಆಗಿತ್ತು. ಪೀಣ್ಯದ ಪೆಟ್ಟಿಗೆ ‘ಉತ್ತರವನ್ನು ಇಲ್ಲಿಗೆ ಕಳಿಸಿ’ ಎಂದು ತನ್ನ ಒಳಗಿನ ರೂಮು ನಂಬರನ್ನೇ ಕೊಡುತ್ತಿತ್ತು. ನೀವು ಪಾಪ ಉತ್ತರ ಕೊಡುತ್ತಲೇ ಇದ್ದಿರಿ, ಅದು ಇಲ್ಲದ ವಿಳಾಸಕ್ಕೆ ಹೋಗಿ ಬೀಳುತ್ತಿತ್ತು. ಹೊರಬಾಗಿಲಿನ ವಿಳಾಸವನ್ನು ಒಂದು ಖಾನೆಯಲ್ಲಿ ತುಂಬಿಸಿ, ಕೀಪ್ ಅಲೈವ್‌ಗೆ ಗುರುತು ಹಾಕಿ, ಮೂವತ್ತೊಂದು ಒತ್ತಿದೆ. ನೀವು ಎತ್ತಿದಿರಿ. ಉಸಿರು ಬಂತು. ಹಿಂದೆಯೇ ಫ್ಯಾನಿನ ಸದ್ದು. ಆಮೇಲೆ ನೀವು: “ಈಗರ ಕೇಳಸ್ತೈತೇನ್ರಿ ಸಾಹೇಬ್ರ?”

ನಾನು ರಿಸೀವರನ್ನು ಇನ್ನಷ್ಟು ಕಿವಿಗೊತ್ತಿ ಆ ಫ್ಯಾನನ್ನೇ ಕೇಳುತ್ತಾ ಕೂತೆ. ಇನ್ನೂ ಸರಿಹೋಗಿಲ್ಲವೆಂದು ನೀವು ಎರಡು ಸಲ ಹಲೋ ಹಲೋ ಎಂದಿರಿ. ಸರಿಹೋಗಿತ್ತು. ಕಡೆಗೆ “ಓಕೆ, ಕ್ಲಿಯರ್ ಇದೆ” ಎಂದೆ. ನೀವು “ಇಲ್ಲೂ ಕ್ಲಿಯರ್ ಐತ್ರಿ” ಎಂದಿರಿ. ಇಟ್ಟೆವು. ದನಿ ಬರದಿದ್ದಾಗ ದಿನಕ್ಕೆ ಹತ್ತು ಸಲ ಕರೆದವನಿಗೆ, ಬಂದ ಮೇಲೆ ಕರೆಯಲು ಕಾರಣವೇ ಇಲ್ಲದಂತಾಯಿತು. ನಿಮ್ಮ ಮೊಬೈಲ್ ನಂಬರು ಸ್ಟೋರ್ಸಿನ ಬೋರ್ಡಿನ ಮೇಲೆ ಬರೆದಿದೆ, ನನಗೂ ಗೊತ್ತು. ಕೆಲಸವಿಲ್ಲದೆ ಹೆಂಗಸರ ಮೊಬೈಲಿಗೆ ಕರೆ ಮಾಡುವ ಕ್ರಮ ನಮ್ಮಲ್ಲಿಲ್ಲ.

ಕಳೆದ ಗುರುವಾರ ಹರ್ಷವರ್ಧನ್ ಸಾರ್ ರಿಪೋರ್ಟ್ ಕೇಳಿದರು. ಪೆಟ್ಟಿಗೆಯ ದಿನಚರಿ ತೆರೆದು ಒಂದೊಂದೇ ದಿನ ಬರೆದುಕೊಳ್ಳುತ್ತಾ ಬಂದೆ. ನವೆಂಬರ್ ಹತ್ತಕ್ಕೆ ಬಂದೆ. ಕಾಲ್ ಶುರು. ಕಾಲ್ ಮುಕ್ತಾಯ. ನಡುವೆ ಒಂದು ಸಾಲು ಇತ್ತು. ಒಂದೂ ಇಪ್ಪತ್ತನಾಲ್ಕಕ್ಕೆ, ಎಕ್ಸ್‌ಟೆನ್ಶನ್ ಮೂವತ್ತೊಂದರಿಂದ, ‘1’.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಕ್ಯಾಂಟೀನಿಗೆ ಹೋದವರು ಒತ್ತುವುದು ಹೇಗೆ? ಶಶಿಕುಮಾರನನ್ನು ಕೇಳಿದಾಗ ತಿಳಿಯಿತು, ಸೋಮವಾರ ನಿಮ್ಮದು ಒಪ್ಪತ್ತು, ಸಂಜೆ ಪೂಜೆ ಮಾಡಿದ ಮೇಲೇ ಊಟ, ಮಧ್ಯಾಹ್ನ ಸ್ಟೋರ್ಸು ಬಿಟ್ಟು ಏಳುವುದಿಲ್ಲ ಎಂದು. ಅದರಲ್ಲೂ ಅದು ಕಾರ್ತಿಕದ ಸೋಮವಾರ. ಅಂದರೆ ನಾನು ಎಣಿಸಿದ್ದು, ಪೋಸ್ಟ್‌ಮ್ಯಾನು, ವನಜಾ, ಬೀಗ ಹಾಕಿದ ಮನೆ, ನಿಮ್ಮ ಉಸಿರು, ಎಲ್ಲವನ್ನೂ ನೀವು ಹಸಿದ ಹೊಟ್ಟೆಯಲ್ಲಿ ಕೂತು ಕೇಳಿದ್ದೀರಿ. ಒಬ್ಬ ಹೆಂಗಸಿಗೆ, ಅವರು ಎದ್ದುಹೋಗಲಾರದ ಜಾಗದಲ್ಲಿ, ಅವರು ಕೇಳಲೊಪ್ಪದ ಮಾತನ್ನು ಹೇಳಿದ್ದಕ್ಕೆ ನನ್ನನ್ನು ಕ್ಷಮಿಸಿ. ಇದು ನಾನು ಕೇಳಬೇಕೆಂದಿದ್ದ ಕ್ಷಮೆ.

ಇನ್ನು ಪ್ರಶ್ನೆ. ಆ ‘1’ ಯಾವುದಕ್ಕೆ?

ಪೆಟ್ಟಿಗೆಯ ಗಡಿಯಾರಕ್ಕೂ ನಮ್ಮ ರೂಮಿನ ಗೋಡೆಯ ಕರೆಂಟ್ ಗಡಿಯಾರಕ್ಕೂ ಎರಡು ನಿಮಿಷ ಹೆಚ್ಚುಕಮ್ಮಿ ಇತ್ತು. ಯಾವುದು ಮುಂದೆ ಯಾವುದು ಹಿಂದೆ ಎಂದು ಆವತ್ತು ನೋಡಿಟ್ಟುಕೊಳ್ಳಲಿಲ್ಲ, ಆಮೇಲೆ ಕರೆಂಟು ಹೋಗಿ ಎರಡೂ ಹೊಸದಾಗಿ ಶುರುವಾದವು. ಬೇಸರ ಬಂದಿದೆಯಾ ಎಂದು ಕೇಳಿದ್ದು ನನ್ನ ಗೋಡೆಯ ಪ್ರಕಾರ ಒಂದೂ ಇಪ್ಪತ್ತೆರಡಕ್ಕೆ. ಮನೆಗೆ ಬರುತ್ತೀರಾ ಎಂದು ಕೇಳಿದ್ದು ಒಂದೂ ಇಪ್ಪತ್ತಾರಕ್ಕೆ. ಈ ‘1’ ಸರಿಯಾಗಿ ನಡುವೆ ಬಂದು ಕೂತಿದೆ. ಹಿಂದಿನ ಪ್ರಶ್ನೆಗಾದರೆ, ಹೌದು ಬೇಸರ ಬಂದಿದೆ, ಸಾಕು ಮಾಡಿ ಎಂದು. ಮುಂದಿನದಕ್ಕಾದರೆ... ಆರು ದಿನದಿಂದ ಇದೊಂದೇ ಲೆಕ್ಕ ಹಾಕುತ್ತಿದ್ದೇನೆ. ಮೂವತ್ತಾರು ವರ್ಷದ ಅನುಭವದಲ್ಲಿ ಎರಡು ನಿಮಿಷದ ಈ ಲೈನ್ ಫಾಲ್ಟು ಹುಡುಕಲಾಗಲಿಲ್ಲ.

ಭಾನುವಾರ ಎದುರಿಗೇ ಕೇಳಿಬಿಡೋಣ ಎಂದು ಹೊರಟೆ. ಹಸಿರು ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ಹತ್ತಿ ಬೊಮ್ಮಸಂದ್ರ. ಶ್ರಾವಣದಲ್ಲಿ ನೀವು ಶೇಂಗಾ ಹೋಳಿಗೆ ಕಳಿಸಿದ್ದ ಸ್ಟೀಲ್ ಡಬ್ಬಿ ಇನ್ನೂ ನನ್ನಲ್ಲೇ ಉಳಿದಿದೆಯಲ್ಲ. ನಿಮ್ಮ ಫೋನಿಗೆ ನಾನು ದೊಡ್ಡ ಗಂಟೆ ಮಾಡಿ ವ್ಯಾನಿನಲ್ಲಿ ಕೊಟ್ಟಿದ್ದಕ್ಕೆ ಕಳಿಸಿದ್ದಿರಿ, ಶಶಿಕುಮಾರ್ ದಾರಿಯಲ್ಲಿ ಎರಡು ತಿಂದು ಉಳಿದ ಆರು ತಂದುಕೊಟ್ಟಿದ್ದ. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು, ಏನು ತುಂಬಿಸಬೇಕೆಂದು ತಿಳಿಯದೆ ಮೂರು ತಿಂಗಳು ಇಟ್ಟುಕೊಂಡೆ. ಈಗ ಅವರೆಕಾಯಿ ಬಂದಿದೆ. ಶನಿವಾರ ಸಂಜೆ ಕೂತು ಸುಲಿದು, ನೆನೆಸಿ, ಒಂದೊಂದೇ ಹಿತಕಿ ಆ ಡಬ್ಬಿ ತುಂಬಿಸಿದೆ. ಬೊಮ್ಮಸಂದ್ರ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಎರಡು ರೈಲು ವಾಪಸ್ ಹೋದವು. ಕೆಳಗೆ ರಸ್ತೆಯಲ್ಲಿ ಶಿಫ್ಟ್ ಬಿಟ್ಟ ಜನ ಕಾಣುತ್ತಿದ್ದರು, ನಿಮ್ಮ ರೂಮಿನ ಸಾಲು ಯಾವ ಕಡೆ ಎಂದು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಹನ್ನೆರಡು ಬಾಗಿಲು, ಹನ್ನೆರಡೂ ತೆರೆದು ನೋಡುತ್ತವೆ, ಆಮೇಲೆ ಅಲ್ಲಿ ಇನ್ನೊಂದು ವಾರ ಇರಬೇಕಾದವರು ನೀವು. ಮೂರನೇ ರೈಲಿಗೆ ಹತ್ತಿ ಬಂದೆ. ಹಿತಕಿದ ಬೇಳೆಯ ಸಾರು ಮಾಡಿ ಎರಡು ದಿನ ಒಬ್ಬನೇ ತಿಂದೆ.

ಆದ್ದರಿಂದ ಬರೆದೇ ಕೇಳುತ್ತೇನೆ, ಈ ಸಲ ಬಿಡಿಸಿ. ಮನೆಗೆ ಬರುತ್ತೀರಾ ಎಂದರೆ ಸುಮ್ಮನೆ ಬಂದಿರುವುದಲ್ಲ. ನಿಮ್ಮ ತಮ್ಮನ ಎದುರಿಗೆ, ನಮ್ಮ ಚೊಕ್ಕಸಂದ್ರದವರ ಎದುರಿಗೆ, ರಿಜಿಸ್ಟರ್ ಮಾಡಿಸಿ ಮದುವೆಯಾಗುವುದು. ನನಗೆ ಅರವತ್ತೊಂದು, ನಿಮಗೆ ಐವತ್ತೆಂಟು. ನಗುವವರು ನಗುತ್ತಾರೆ. ನಿಮ್ಮ ಕಡೆಯವರು ಬೇರೆ, ನಮ್ಮ ಕಡೆಯವರು ಬೇರೆ, ಅದನ್ನೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರಲ್ಲಿ ಯಾರೂ ನನ್ನನ್ನು ಮಧ್ಯಾಹ್ನ ಒಂದು ಗಂಟೆಗೆ ಊಟ ಆಯ್ತಾ ಎಂದು ಕೇಳುವವರಲ್ಲ. ಮನೆಯಲ್ಲಿ ಮೊಟ್ಟೆ ಮಾಂಸ ಮಾಡದೆ ಆರು ವರ್ಷವಾಯಿತು. ರೊಟ್ಟಿ ಬಡಿಯಲು ಹೊಳೆವ್ವ ಪಕ್ಕದಲ್ಲೇ ಇದ್ದಾಳೆ, ನಿಮ್ಮ ಮಾತು ಆಡುವವಳೂ ಹೌದು. ವನಜಾಳ ಫೋಟೋ ಹಜಾರದ ಗೋಡೆಯಲ್ಲಿ ಇರುತ್ತದೆ, ಅದನ್ನು ತೆಗೆಯಲಾರೆ, ಇದನ್ನು ಮೊದಲೇ ಹೇಳಬೇಕು. ನಿಮ್ಮ ಯಜಮಾನರ ಫೋಟೋ ತನ್ನಿ, ಪಕ್ಕದಲ್ಲೇ ಮೊಳೆ ಹೊಡೆಯುತ್ತೇನೆ.

ಶನಿವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಮೂವತ್ತೊಂದಕ್ಕೆ ಕರೆಯುತ್ತೇನೆ. ಕಂಪ್ಯೂಟರಿನ ಎದುರೇ ಕೂತಿರುತ್ತೇನೆ, ಗಡಿಯಾರ ಎರಡನ್ನೂ ಸರಿಮಾಡಿದ್ದೇನೆ. ಬೇರೆ ಏನೂ ಮಾತಾಡುವುದಿಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ. ಈಗ ದನಿ ಎರಡೂ ಕಡೆ ಬರುತ್ತದೆ, ಹೇಳಿದರೆ ಕೇಳಿಸುತ್ತದೆ. ಬಾಯಿಬಿಟ್ಟು ಹೇಳುವುದು ಕಷ್ಟವಾದರೆ ನಮ್ಮ ಹಳೆಯ ಕ್ರಮವೇ ಇರಲಿ. ಎರಡು ಒತ್ತಿದರೆ, ಅರ್ಥವಾಗುತ್ತದೆ. ಟೆಂಪೋಗೆ ಸಾಮಾನು ಏರಿಸಲು ಶಶಿಕುಮಾರನನ್ನು ಕಳಿಸುತ್ತೇನೆ, ಡಬ್ಬಿಯನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ, ಖಾಲಿ ಕಳಿಸುವುದಿಲ್ಲ. ಆಮೇಲೆ ನನ್ನಿಂದ ನಿಮಗೆ ಯಾವ ತೊಂದರೆಯೂ ಇಲ್ಲ. ಏನೂ ಒತ್ತದಿದ್ದರೂ ನಾನು ಇಡುವುದಿಲ್ಲ. ಈಗ ಸುಮ್ಮನಿದ್ದರೂ ಲೈನು ಕಡಿಯುವುದಿಲ್ಲ, ಅಷ್ಟು ಸೆಟ್ಟಿಂಗ್ ಸರಿಯಾಗಿ ಮಾಡಿದ್ದೇನೆ.

ನಾಳೆ ಬೆಳಿಗ್ಗೆ ಇದು ವ್ಯಾನಿನ ಟಪಾಲು ಚೀಲದಲ್ಲಿ ಬರುತ್ತದೆ. ಲಕೋಟೆಗೆ ಅಂಟು ಜೋರಾಗಿ ಹಚ್ಚಿದ್ದೇನೆ. ಹೋಳಿಗೆಯಾಗಿದ್ದರೆ ಶಶಿಕುಮಾರನನ್ನು ನಂಬಲಾಗುತ್ತಿರಲಿಲ್ಲ, ಪತ್ರ ತೆರೆಯುವವನಲ್ಲ.

ನಿಮ್ಮ ಊಟ ಆಗಿರಲಿ ಎಂದು ಹಾರೈಸುವ,

ಫೋನಿನ ಕೆಲಸದ
ಶ್ಯಾಮಣ್ಣ

ಮರೆತದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ಒಪ್ಪತ್ತಿನ ವಿಷಯ ಕಳೆದ ವಾರ ತಿಳಿಯಿತೆಂದು ಬರೆದದ್ದು ಸುಳ್ಳು. ಹೋಳಿಗೆ ಡಬ್ಬಿ ಕೊಟ್ಟ ದಿನವೇ ಶಶಿಕುಮಾರ್ ಹೇಳಿದ್ದ: “ಆ ಯಮ್ಮ ಸೋಮವಾರ ಕ್ಯಾಂಟೀನ್ ಕಡೆ ತಲೇನೂ ಹಾಕಲ್ಲ ಕಣಣ್ಣ, ಫೋನ್ ಪಕ್ಕನೇ ಕೂತಿರ್ತಾರೆ.” ಅರ್ಧ ಗಂಟೆ ಟೆಸ್ಟಿಂಗ್ ಶನಿವಾರವೇ ಮುಗಿಸಿ ಎಂದು ಹರ್ಷವರ್ಧನ್ ಸಾರ್ ಹೇಳಿದ್ದರು. ಬೇಡ ಸಾರ್, ಸೋಮವಾರ ಮಾಡೋಣ ಎಂದವನು ನಾನೇ.